ಎರಡನೇ ಯಂತ್ರದ ತಲೆ ಎಣಿಕೆ

ಮಳೆ ಮಧ್ಯಾಹ್ನವೇ ಹಿಡಿದಿತ್ತು. ಸಂಜೆಯ ಪಾಳಿ ಬಸ್ಸು ಸೇತುವೆಯ ಆಚೆಗೇ ನಿಂತಿದೆ, ರಸ್ತೆಯ ಮೇಲಿನ ನೀರು ಇಳಿಯುವ ತನಕ ಬರುವುದಿಲ್ಲ ಎಂದು ಕಾವಲುಗಾರ ಫೋನ್ ಮಾಡಿ ತಿಳಿಸಿದ ಮೇಲೆ, ವಿದ್ಯುದಾಗಾರದ ತರಬೇತಿ ಕೋಣೆಯಲ್ಲಿದ್ದ ಹನ್ನೊಂದು ಹೊಸ ಅಪ್ರೆಂಟಿಸುಗಳು ಹೆಗಲಿಗೇರಿಸಿದ್ದ ಚೀಲಗಳನ್ನು ಇಳಿಸಿ, ಬೆಂಚುಗಳನ್ನು ಎಳೆದುಕೊಂಡು ಮತ್ತೆ ಕೂತರು. ಕೆಳಗೆ ಒಂದನೇ ಮತ್ತು ಮೂರನೇ ಯಂತ್ರಗಳು ಓಡುತ್ತಿದ್ದವು. ಅವುಗಳ ನಡುಕ ನೆಲದಿಂದ ಬೆಂಚಿಗೆ, ಬೆಂಚಿನಿಂದ ಕೂತವರ ಹಲ್ಲಿಗೆ ಬರುತ್ತಿತ್ತು. ಎರಡನೆಯದು ಮಾತ್ರ ದುರಸ್ತಿಗೆಂದು ನಾಲ್ಕು ದಿನಗಳಿಂದ ಬಾಯಿ ಮುಚ್ಚಿಕೊಂಡು ನಿಂತಿತ್ತು.

ತರಬೇತಿಯ ಹೊಣೆ ಹೊತ್ತ ಇಂಜಿನಿಯರಿಗೆ ಸುಮ್ಮನೆ ಕೂರುವುದೆಂದರೆ ಆಗದು. ಹೇಗೂ ಎಲ್ಲರೂ ಸಿಕ್ಕಿಬಿದ್ದಿದ್ದಾರಲ್ಲ ಎಂದುಕೊಂಡು ಮಾರನೆಯ ದಿನದ ಆದೇಶವನ್ನು ಹಲಗೆಗೆ ಚುಚ್ಚಿ, ಗಟ್ಟಿಯಾಗಿ ಓದಿದ. ಬೆಳಿಗ್ಗೆ ಹನ್ನೊಂದೂ ಜನ ಎರಡನೇ ಯಂತ್ರದ ಹೊಟ್ಟೆಯೊಳಗೆ ಇಳಿಯಬೇಕು. ಇಡೀ ತಂಡಕ್ಕೆ ಒಂದೇ ಬೀಗ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬಾಗಿಲಲ್ಲಿ ತಲೆ ಎಣಿಕೆ.

ಅಲ್ಲಿಯ ಪದ್ಧತಿ ಬೇರೆಯೇ ಇತ್ತು. ಯಂತ್ರದ ಒಳಗೆ ಹೋಗುವ ಪ್ರತಿಯೊಬ್ಬರೂ ನೀರಿನ ಗೇಟಿನ ಸ್ವಿಚ್ಚಿಗೆ ತಮ್ಮ ತಮ್ಮ ಬೀಗ ಹಾಕಿ, ಕೀಲಿಯನ್ನು ತಮ್ಮ ಜೇಬಿಗೇ ಇಳಿಸಿಕೊಂಡು ಹೋಗಬೇಕು. ಕೊನೆಯವರು ಹೊರಗೆ ಬಂದು ತಮ್ಮ ಬೀಗ ತೆಗೆಯುವ ತನಕ ಯಾರಪ್ಪ ಬಂದರೂ ಗೇಟು ಎತ್ತಿ ಯಂತ್ರದೊಳಗೆ ನೀರು ಬಿಡಲಾಗದು. ಇಂಜಿನಿಯರಿಗೆ ಅದು ಗೊತ್ತಿತ್ತು. ಆದರೆ ಹನ್ನೊಂದು ಹೊಸಬರು ಹನ್ನೊಂದು ಬೀಗ ಹಾಕಿ ತೆಗೆದು, ಒಬ್ಬ ಕೀಲಿ ಕಳೆದು, ಇನ್ನೊಬ್ಬ ಬೀಗ ಮರೆತು ಊಟಕ್ಕೆ ಹೋಗಿ, ದಿನಕ್ಕೆ ಒಂದು ಗಂಟೆ ಹಾಳು. ಮೂರು ದಿನದಲ್ಲಿ ಯಂತ್ರ ಓಡಬೇಕೆಂದು ದೊಡ್ಡ ಕಚೇರಿಯಿಂದ ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಬಂದಿತ್ತು.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಬಂದ ಮೊದಲ ವಾರವೇ ಅವಳಿಗೆ 'ಪ್ರಶ್ನೆ' ಎಂದು ಹೆಸರು ಬಿದ್ದಿತ್ತು.

"ಹಾಗಾದ್ರೆ ಸಾರ್, ನನ್ನ ಬೀಗ ಎಲ್ಲಿ ಹಾಕ್ಲಿ?"

"ಎಲ್ಲೂ ಬೇಡ. ಜೇಬಲ್ಲಿಟ್ಕೋ."

ಕಿಟಕಿಯ ಬಳಿ ಸ್ಟೂಲೊಂದು ಧಡಾರನೆ ಬಿತ್ತು. ಎದ್ದು ನಿಂತಿದ್ದವನು ಗೇಟಜ್ಜ. ಮೂವತ್ತು ವರ್ಷ ಇದೇ ವಿದ್ಯುದಾಗಾರದಲ್ಲಿ ನೀರಿನ ಗೇಟು ಎತ್ತಿ ಇಳಿಸಿ ನಿವೃತ್ತನಾದವನು. ಈಗ ಹೊಸಬರಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಲೆಂದು ವರ್ಷಕ್ಕೆರಡು ತಿಂಗಳು ಕರೆಸುತ್ತಿದ್ದರು. ಯಾರ ಮೇಲೂ ದನಿ ಎತ್ತದ ಮನುಷ್ಯ. ಈಗ ಅವನ ಗದ್ದ ಅದುರುತ್ತಿತ್ತು. ಹೆದರಿಕೆಯಿಂದಲ್ಲ, ಸಿಟ್ಟಿನಿಂದ ಎಂಬುದು ಇಂಜಿನಿಯರಿಗೂ ತಿಳಿಯಿತು.

"ಇನ್ನೊಂದ್ಸಲ ಹೇಳಿ ಸಾರ್ ಆ ಮಾತು," ಎಂದ ಗೇಟಜ್ಜ. "ಬೇಡ, ಹೇಳ್ಬೇಡಿ. ಆ ಮಾತನ್ನ ನಾನೇ ಹೇಳಿದೀನಿ. ಕೂತ್ಕೋ ಮಗಳೇ. ಎಲ್ರೂ ಕೇಳಿ. ಬಸ್ಸಂತೂ ಇಲ್ಲ."

ಹೊರಗೆ ಹೋಗಿಬಿಡೋಣವೆಂದು ಇಂಜಿನಿಯರಿಗೆ ಅನ್ನಿಸಿತು. ಈ ಮಳೆಯಲ್ಲಿ ಹೋಗುವುದಾದರೂ ಎಲ್ಲಿಗೆ? ಕೈಕಟ್ಟಿ ಬಾಗಿಲಿಗೆ ಒರಗಿ ನಿಂತ. ತನ್ನದೇ ಕೋಣೆಯಲ್ಲಿ, ತನ್ನದೇ ಶಿಷ್ಯರ ಮುಂದೆ ಒಬ್ಬ ಮುದುಕ ಮರ್ಯಾದೆ ತೆಗೆಯುತ್ತಿದ್ದಾನಲ್ಲ ಎಂದು ಅವನಿಗೆ ಮೈ ಉರಿಯುತ್ತಿತ್ತು.

ಗೇಟಜ್ಜ ಸ್ಟೂಲು ಎತ್ತಿ ನಿಲ್ಲಿಸಿದ. ಕೂರಲಿಲ್ಲ.

"ಆಗ ಈ ಬೀಗ ಗೀಗ ಇರ್ಲಿಲ್ಲ ಮಕ್ಕಳೇ. ಹಿತ್ತಾಳೆ ಬಿಲ್ಲೆ ಇತ್ತು. ಇಷ್ಟಗಲ, ಅದರ ಮೇಲೆ ನಿಮ್ಮ ನಂಬರು. ನನ್ನ ಸ್ವಿಚ್ಚಿನ ಪಕ್ಕದಲ್ಲಿ ಕೊಕ್ಕೆ ಹಲಗೆ. ಒಳಗೆ ಹೋಗೋನು ಬಿಲ್ಲೆ ನೇತುಹಾಕಿ ಹೋಗ್ಬೇಕು, ಬಂದು ತಾನೇ ತೆಗೀಬೇಕು, ಇನ್ನೊಬ್ರ ಬಿಲ್ಲೆ ಮುಟ್ಟಿದ್ರೆ ಕೆಲಸ ಹೋಯ್ತು ಅಂತಾನೇ ಲೆಕ್ಕ. ಹಲಗೆ ಖಾಲಿ ಆಯ್ತೋ, ನಾನು ಸ್ವಿಚ್ಚು ತಿರುಗಿಸ್ತಿದ್ದೆ. ಅಷ್ಟೇ ನನ್ನ ಕೆಲಸ. ನನ್ನ ಕೈಗೆ ಎಷ್ಟು ರೂಢಿ ಆಗಿತ್ತು ಅಂದ್ರೆ... ಖಾಲಿ ಹಲಗೆ ಕಂಡ್ರೆ ಸಾಕು, ನನ್ನನ್ನ ಕೇಳದೇನೇ ಕೈ ಸ್ವಿಚ್ಚಿಗೆ ಹೋಗೋದು. ಕೈಗೆ ಬುದ್ಧಿ ಇರುತ್ತಾ? ನೀವೇ ಹೇಳಿ.

"ಅವತ್ತು ನಿಮ್ಮ ಹಾಗೇ ಒಂದು ಬ್ಯಾಚು. ಎಂಟು ಜನ. ಅದರಲ್ಲಿ ಒಬ್ಬ ಎಡಗೈಯವನು, ಎಡಚ ಅಂತಾನೇ ಕರೀತಿದ್ರು. ಅಪ್ಪ ಅಮ್ಮ ಇಲ್ಲ, ಬಟ್ಟೆ ಹೊಲಿಯೋ ಅಕ್ಕ ಸಾಕಿದ್ಲು. ಅಷ್ಟು ಅಚ್ಚುಕಟ್ಟಿನ ಹುಡುಗನ್ನ ನಾನು ಆಮೇಲೆ ನೋಡಿಲ್ಲ. ಬಿಲ್ಲೇನ ದಿನಾ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದ! ನಾವು ನಗೋವ್ರು. 'ಏನೋ, ಅದರಲ್ಲಿ ಮುಖ ನೋಡ್ಕೊಂಡು ಗಡ್ಡ ಕೆರಕೋತೀಯಾ?' ಅಂದ್ರೆ, 'ಗಡ್ಡ ಬಂದ್ಮೇಲೆ ಅಣ್ಣ' ಅನ್ನೋನು.

"ಅವತ್ತೂ ಇದೇ ಎರಡನೇ ಯಂತ್ರ. ಅವತ್ತೂ ಅರ್ಜೆಂಟು. ಈ ಯಂತ್ರ ಯಾವತ್ತು ಕೆಟ್ರೂ ಅರ್ಜೆಂಟೇ, ಕೆಡೋಕೆ ಮುಂಚೆ ಮಾತ್ರ ಯಾರಿಗೂ ಪುರುಸೊತ್ತಿರಲ್ಲ. ಆಗಿದ್ದ ಸಾಹೇಬ್ರು ನನ್ನ ಹಲಗೆ ಮುಂದೆ ನಿಂತು ಹೇಳಿದ್ರು, 'ಬ್ಯಾಚಿಗೆಲ್ಲ ಒಂದೇ ಬಿಲ್ಲೆ ಸಾಕು, ಕಲಿಸೋ ಮೇಷ್ಟ್ರದ್ದು ಹಾಕಿ, ತಲೆ ಎಣಿಸ್ಕೊಳ್ಳಿ' ಅಂತ. ನಾನು ಆಗೋದಿಲ್ಲ ಅಂದ್ನಾ? ಇಲ್ಲ. ಸರಿ ಸಾರ್ ಅಂದೆ. ನಾಲಿಗೆಗೂ ರೂಢಿ ಆಗಿರುತ್ತೆ ನೋಡಿ...

"ಒಳಗೆ ಹೋಗೋ ಹೊತ್ತಿಗೆ ಬಾಗಿಲಿನ ರಬ್ಬರ್ ರಿಂಗು ಹರಿದಿದೆ ಅಂತ ಗೊತ್ತಾಯ್ತು. ಹೊಸದು ತಗೊಂಡು ಬಾ ಅಂತ ಮೇಷ್ಟ್ರು ಎಡಚನ್ನ ಸ್ಟೋರಿಗೆ ಓಡಿಸಿದ್ರು. ಉಳಿದ ಏಳು ಜನರನ್ನ ಕರ್ಕೊಂಡು ಮೇಲಿನ ಬಾಗಿಲಿಂದ ಒಳಗೆ ಇಳಿದ್ರು. ಸ್ಟೋರಿನವನು ಯಾರು ಅಂತೀರಾ, ಒಂದು ನಟ್ಟು ಕೊಡೋಕೆ ಮೂರು ಸಲ ಕನ್ನಡಕ ಒರೆಸೋನು. ಮುಕ್ಕಾಲು ಗಂಟೆ ಆದ್ಮೇಲೆ ಎಡಚ ರಿಂಗನ್ನ ತೋಳಿಗೆ ಬಳೆ ಥರ ಹಾಕ್ಕೊಂಡು ನನ್ನ ಹತ್ರ ಬಂದ. ಎಡಗೈ ಚಾಚಿದ. ಅಂಗೈ ಮೇಲೆ ಬಿಲ್ಲೆ.

"'ಅಣ್ಣಾ, ನನ್ನ ಬಿಲ್ಲೆ ಎಲ್ಲಿ ಹಾಕ್ಲಿ?'

"ನಾನು ತಲೆ ಕೂಡ ಎತ್ತಲಿಲ್ಲ ಮಕ್ಕಳೇ. 'ಇವತ್ತು ಎಲ್ಲೂ ಬೇಡ, ಜೇಬಲ್ಲಿಟ್ಕೋ' ಅಂದೆ."

ಗೇಟಜ್ಜ ಇಂಜಿನಿಯರನ್ನು ನೋಡಲಿಲ್ಲ. ನೋಡಿದ್ದರೆ ಇಂಜಿನಿಯರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

"ಸ್ಟೋರಿಂದ ಬರೋವ್ರಿಗೆ ಕೆಳಗಿನ ಬಾಗಿಲು ಹತ್ರ. ನಾಳೆ ನೋಡ್ತೀರಿ, ಯಂತ್ರದ ತಳದಲ್ಲಿ, ನೀರು ಹೊರಗೆ ಹೋಗೋ ಕೊಳವೆಗೆ ಒಂದು ಬಾಗಿಲಿದೆ, ಬಗ್ಗಿ ಹೋಗ್ಬೇಕು. ಇವನು ಅದರಲ್ಲಿ ಒಳಗೆ ಹೋದ. ಅದೇ ಹೊತ್ತಿಗೆ ಮೇಲೆ ಸಾಹೇಬ್ರ ಫೋನು ಬಡ್ಕೊಂಡಿತು. ಕರೆಂಟು ಬೇಕು, ಈಗಲೇ ಬೇಕು. ಸಾಹೇಬ್ರು ಓಡಿಹೋಗಿ ಮೇಲಿನ ಬಾಗಿಲಲ್ಲಿ ಕೂಗಿದ್ರು, 'ಹಳೇ ರಿಂಗೇ ಸಾಕು, ಬನ್ನಿ ಹೊರಗೆ!' ಬಂದ್ರು. ಏಳು ಜನ ಹೋಗಿದ್ರಾ? ಏಳು ಜನ ಬಂದ್ರು. ಲೆಕ್ಕ ಸರಿಹೋಯ್ತು. ಮೇಷ್ಟ್ರು ತಮ್ಮ ಬಿಲ್ಲೆ ತೆಗೆದ್ರು. ಎಡಚ ಇನ್ನೂ ಸ್ಟೋರಲ್ಲೇ ನಿಂತಿರ್ತಾನೆ ಅಂದ್ಕೊಂಡ್ರು ಪಾಪ. ಕೆಳಗಿನ ಬಾಗಿಲನ್ನ ಯಾರೋ ಹೋಗಿ ಬೋಲ್ಟು ಹಾಕಿ ಬಂದ್ರು. ಒಳಗೆ ಬಗ್ಗಿ ಕೂಗಿದೆ ಅಂತ ಅವನು ಆಮೇಲೆ ಆಣೆ ಹಾಕಿದ. ಕೂಗಿದ್ನೋ ಬಿಟ್ನೋ. ಪಕ್ಕದ ಯಂತ್ರ ಓಡ್ತಿದ್ರೆ ಇಲ್ಲಿ ಪಕ್ಕದವನ ಮಾತೇ ಕೇಳಲ್ಲ, ಇನ್ನು ಕಬ್ಬಿಣದ ಒಳಗಿಂದ ಬಡಿದ್ರೆ ಯಾರಿಗೆ ಕೇಳುತ್ತೆ?

"ಹಲಗೆ ಖಾಲಿ. ಸಾಹೇಬ್ರು ಕೈ ಬೀಸಿದ್ರು...

"ಒಬ್ಬನಿಗೆ ಗೊತ್ತಿತ್ತು. ಎಂಟನೇ ಹುಡುಗ ಸ್ಟೋರಿಂದ ವಾಪಸ್ಸು ಬಂದಿದಾನೆ, ಒಳಗೆ ಹೋಗಿದಾನೆ ಅಂತ ಈ ಭೂಮಿ ಮೇಲೆ ಒಬ್ಬನೇ ಒಬ್ಬನಿಗೆ ಗೊತ್ತಿತ್ತು. ಅವನೇ ಸ್ವಿಚ್ಚು ತಿರುಗಿಸಿದ."

ಮಳೆಯ ಸದ್ದು ಕೋಣೆಗೆಲ್ಲ ತುಂಬಿಕೊಂಡಿತು. ಗೇಟಜ್ಜ ಮುಖ ಒರೆಸಿಕೊಂಡು ಮತ್ತೆ ಶುರು ಮಾಡಿದಾಗ ಅವನ ದನಿ ಇನ್ನಷ್ಟು ಒರಟಾಗಿತ್ತು.

"ತನಿಖೆ ಆಯ್ತು. ದೊಡ್ಡ ದೊಡ್ಡವ್ರು ಬಂದ್ರು, ಅಳತೆ ಹಿಡಿದ್ರು, ಫೋಟೋ ತೆಗೆದ್ರು. ಏನು ಬರೆದ್ರು ಗೊತ್ತಾ? 'ಅಪ್ರೆಂಟಿಸು ಅನುಮತಿ ಇಲ್ಲದೆ, ಬಿಲ್ಲೆ ಹಾಕದೆ ಒಳಗೆ ಹೋದದ್ದರಿಂದ.' ಬಿಲ್ಲೆ ಹಾಕದೆ! ಅವನ ಜೇಬಲ್ಲೇ ಸಿಕ್ತಲ್ಲ ಬಿಲ್ಲೆ, ಅದೇ ಸಾಕ್ಷಿಯಂತೆ. ಎಲ್ರೂ ಕೈ ತೊಳ್ಕೊಂಡ್ರು. ಕಾಗದ ನನ್ನ ಮುಂದೆ ಬಂತು. ಹೆಂಡತಿ ತುಂಬು ಗರ್ಭಿಣಿ, ಕೆಲಸ ಹೋದ್ರೆ ಏನು ಗತಿ ಅಂದ್ಕೊಂಡೆ... ಸಹಿ ಹಾಕಿದೆ. ಅವನ ಅಕ್ಕ ಬಂದಿದ್ಲು. ಅಳ್ತಾ ಇರ್ಲಿಲ್ಲ. ನನ್ನನ್ನೇ ಹುಡುಕ್ಕೊಂಡು ಬಂದು ಒಂದೇ ಮಾತು ಕೇಳಿದ್ಲು, 'ಅಣ್ಣ, ನನ್ನ ತಮ್ಮ ಬಿಲ್ಲೆ ಹಾಕದೆ ಹೋಗೋ ಹುಡುಗನಾ?' ಅಂತ. ಗೊತ್ತಿಲ್ಲಮ್ಮ ಅಂದೆ. ಗೊತ್ತಿಲ್ಲ ಅಂದೆ ಮಕ್ಕಳೇ! ಥೂ, ಈ ಬಾಯಿಗೆ ಹುಳ ಬೀಳ.

"ಆಮೇಲೆ ಒಂದು ವರ್ಷ ಎಲ್ಲ ನೇಮ ನಿಷ್ಠೆ. ಎರಡು ವರ್ಷ ಆಗೋ ಹೊತ್ತಿಗೆ ಹೊಸ ಸಾಹೇಬ್ರು, ಹೊಸ ಅರ್ಜೆಂಟು, ಮತ್ತೆ ಅದೇ ತಲೆ ಎಣಿಕೆ. ಸಾಹೇಬ್ರು ಬದಲಾಗ್ತಾರೆ, ಅರ್ಜೆಂಟು ಅದೇ ಇರುತ್ತೆ. ಈ ಸಲ ನಾನು ಸರಿ ಸಾರ್ ಅನ್ನಲಿಲ್ಲ. ಎರಡನೇ ಯಂತ್ರಕ್ಕೆ ಬಣ್ಣ ಬಳಿಯೋಕೆ ಐದು ಜನ ಹೋಗೋರಿದ್ರು. ಅವರನ್ನ ಒಬ್ಬೊಬ್ಬರನ್ನಾಗಿ ಕರೆದು, ಸಾಹೇಬ್ರಿಗೆ ಕಾಣದ ಹಾಗೆ ಹಲಗೆ ಮೇಲೆ ಬಿಲ್ಲೆ ಹಾಕಿಸ್ಕೊಂಡೆ. ಕಳ್ಳತನದಲ್ಲಿ! ನೇಮ ಪಾಲಿಸೋಕೆ ಕಳ್ಳತನ ಮಾಡ್ಬೇಕಾಯ್ತು ನೋಡಿ.

"ಮಧ್ಯಾಹ್ನ ಕೆಳಗಿಂದ ಕೂಗು ಬಂತು, 'ಐದೂ ಜನ ಹೊರಗೆ, ಎತ್ತಿ ಗೇಟು!' ನಾಲ್ಕು ಜನ ಮೆಟ್ಟಲು ಹತ್ತಿ ಬಂದು ಬಿಲ್ಲೆ ತಗೊಂಡು ವಾಪಸ್ಸು ಹೋದ್ರು. ಒಂದು ಉಳೀತು. ಹದಿನಾಲ್ಕನೇ ನಂಬರು. ಅದು ಗುಂಡಂದು, ದಪ್ಪಗಿದ್ದ ಪೇಂಟರು. ನಾನು ಎತ್ತಲ್ಲ ಅಂದೆ. ಸಾಹೇಬ್ರ ಪಿತ್ತ ನೆತ್ತಿಗೇರಿತು. 'ನಾನೇ ನಿಂತು ಎಣಿಸಿದೀನಿ, ಐದು ಜನ ಇಲ್ಲೇ ನಿಂತಿದಾರೆ, ಬಂದು ನೋಡ್ಕೋ' ಅಂದ್ರು. ಹೋದೆ.

"ಹೌದು, ಐದು ಜನ. ಗೋಡೆಗೆ ಒರಗಿ ಸಾಲಾಗಿ ನಿಂತಿದ್ರು. ಎಲ್ರ ತಲೆ ಮೇಲೂ ಹೆಲ್ಮೆಟ್ಟು, ಎಲ್ರ ಮುಖಕ್ಕೂ ಕಪ್ಪು ಬಣ್ಣ. ಒಂದು, ಎರಡು, ಮೂರು, ನಾಲ್ಕು, ಐದು. ಬೆರಳು ಇಟ್ಟು ಎಣಿಸಿದೆ. ಇವರಲ್ಲಿ ಗುಂಡ ಯಾರು ಅಂದೆ. ಅಷ್ಟು ದಪ್ಪ ಇರೋ ಮನುಷ್ಯ, ಐದು ಜನರಲ್ಲಿ ಕಾಣ್ದೇ ಇರ್ತಾನಾ? ನನಗ್ಯಾಕೆ ಹೊಳೀಲಿಲ್ಲ, ಸಾಹೇಬ್ರಿಗ್ಯಾಕೆ ಹೊಳೀಲಿಲ್ಲ? ತಲೆ ಎಣಿಸೋನು ಮುಖ ನೋಡಲ್ಲ ಮಕ್ಕಳೇ. ಸಂಖ್ಯೆ ಸರಿ ಬಂತಾ, ಮುಗೀತು.

"ಗುಂಡಾ ಅಂತ ಇನ್ನೊಂದ್ಸಲ ಕೂಗಿದೆ. ಸಾಲಿನ ಕೊನೇಲಿದ್ದೋನು ನನ್ನ ಕಡೆ ತಿರುಗಿದ. ಅವನ ಬಟ್ಟೆಯಿಂದ ನೀರು ತೊಟ್ಟಿಕ್ತಾ ಇತ್ತು. ಯಂತ್ರ ಖಾಲಿ ಮಾಡಿ ಒಂದು ವಾರ ಆಗಿದೆ, ಒಳಗೆ ಒಂದು ಚೊಂಬು ನೀರಿಲ್ಲ... ಇವನ ಕಾಲ ಹತ್ರ ಮಡುವಾಗಿದೆ. ಎಡಗೈ ಚಾಚಿದ.

"'ಅಣ್ಣಾ, ನನ್ನ ಬಿಲ್ಲೆ ಎಲ್ಲಿ ಹಾಕ್ಲಿ?'

"ಕಣ್ಣು ಮುಚ್ಚಿ ತೆರೆದೆ ಅಷ್ಟೇ. ಸಾಲಲ್ಲಿ ನಾಲ್ಕು ಜನ ಇದ್ರು. ನೆಲ ಮಾತ್ರ ಒದ್ದೆ. ಸಾಹೇಬ್ರು ಮತ್ತೆ ಎಣಿಸಿದ್ರು, ನಾಲ್ಕು. ಇನ್ನೊಂದ್ಸಲ ಎಣಿಸಿದ್ರು, ನಾಲ್ಕು. ಅವರ ಮುಖ ನೋಡ್ಬೇಕಿತ್ತು! ಒಳಗೆ ಓಡಿದ್ವಿ. ಗುಂಡ ಯಂತ್ರದ ರೆಕ್ಕೆಗಳ ಸಂದೀಲಿ ಕಾಲು ಸಿಕ್ಕಿಸ್ಕೊಂಡು, ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿ ಮಲಗಿದ್ದ. ಹದಿನಾಲ್ಕನೇ ಬಿಲ್ಲೆ ಹಲಗೆ ಮೇಲೆ ಇಲ್ದೇ ಇದ್ದಿದ್ರೆ... ನಾನು ಸ್ವಿಚ್ಚು ತಿರುಗಿಸಿರ್ತಿದ್ದೆ. ಎರಡನೇ ಸಲ."

ಪ್ರಶ್ನೆ ಮೆಲ್ಲಗೆ ಕೇಳಿದಳು. "ಅವ್ನು ಗುಂಡನ್ನ ಉಳಿಸೋಕೆ ಬಂದಿದ್ನಾ ಅಜ್ಜ?"

"ಎಲ್ರೂ ಹಾಗೇ ಅಂತಾರೆ. ಕೇಳೋಕೆ ಚೆನ್ನಾಗಿದೆಯಲ್ಲ! ಉಳಿಸೋಕೆ ಬಂದೋನು 'ಗುಂಡ ಒಳಗಿದಾನೆ' ಅಂತ ಹೇಳ್ಬೇಕಿತ್ತು. ಇವನು ಗುಂಡನ ಜಾಗದಲ್ಲಿ ನಿಂತ್ಕೊಂಡ. ಖಾಲಿ ಇರೋ ಜಾಗಾನ ತುಂಬಿಬಿಟ್ಟ. ಇಲ್ಲ ಮಗಳೇ, ಅವನಿಗೆ ಸಿಟ್ಟು. ಯಾಕಿರಬಾರ್ದು? ನಿಮ್ಮ ತಲೆ ಎಣಿಕೆ ನನ್ನನ್ನ ತಿಂತು ಅಂತ ಸಿಟ್ಟು. ಆ ಎಣಿಕೇನ ನಂಬೋವ್ರಿಗೆಲ್ಲ, ತಗೊಳ್ಳಿ, ನಿಮ್ಮ ಎಣಿಕೆ ಸರಿ ಮಾಡಿಕೊಡ್ತೀನಿ, ಅಂತಿದಾನೆ. ಅವನ ಜಾಗದಲ್ಲಿ ನಾನಿದ್ರೆ ನಾನೂ ಅದನ್ನೇ ಮಾಡ್ತಿದ್ದೆ. ಬಿಲ್ಲೆ ಹಾಕಿದ ಕಡೆ ಅವನ ಆಟ ನಡೆಯಲ್ಲ. ತಲೆ ಎಣಿಸೋ ಕಡೆ ಅವನು ಬಂದೇ ಬರ್ತಾನೆ."

ಇಂಜಿನಿಯರಿಗೆ ತಾಳ್ಮೆ ಮುಗಿಯಿತು. ಕತೆ ಅವನನ್ನೂ ಹಿಡಿದು ಕೂರಿಸಿತ್ತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಗಿತ್ತು.

"ಸಾಕು ಅಜ್ಜ. ಅವತ್ತಿನ ತಪ್ಪು ತಪ್ಪೇ, ಒಪ್ತೀನಿ. ಆದ್ರೆ ದೆವ್ವ ಗಿವ್ವ ಅಂತ ಹೊಸಬರ ತಲೆ ಕೆಡಿಸ್ಬೇಡಿ. ಇವತ್ತು ಬೆಳಿಗ್ಗೇನೇ ನಾನಿದನ್ನ ಮಾಡಿ ನೋಡಿದೀನಿ. ಎರಡನೇ ಯಂತ್ರ, ಆರು ಜನ, ಒಂದೇ ಬೀಗ. ಆರು ಜನ ಒಳಗೆ ಹೋದ್ರು, ಮಧ್ಯಾಹ್ನ ಒಂದು ಗಂಟೆಗೆ ಆರು ಜನ ಹೊರಗೆ ಬಂದ್ರು. ಮೇಲಿನ ಬಾಗಿಲಲ್ಲಿ ನಾನೇ ನಿಂತು ಎಣಿಸಿ ಸಹಿ ಮಾಡಿದೀನಿ. ಏನಾಯ್ತು? ಏನೂ ಆಗ್ಲಿಲ್ಲ."

ಗೇಟಜ್ಜನ ಮುಖದ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು. ಇಂಜಿನಿಯರಿಗೆ ಅದು ಇಷ್ಟವಾಗಲಿಲ್ಲ. ಸಿಟ್ಟೇ ವಾಸಿಯಿತ್ತು.

"ಆರು ಜನರಲ್ಲಿ ಫಿಟ್ಟರ್ ಇದ್ನಾ ಸಾರ್?"

"ಇದ್ದ."

"ಬೆಳಿಗ್ಗೆ ಹನ್ನೊಂದಕ್ಕೇ ಅವನು ಕೈ ಕೊಯ್ಕೊಂಡು ಕೆಳಗಿನ ಬಾಗಿಲಿಂದ ಹೊರಗೆ ಬಂದ. ಅಪಘಾತ ಇಲ್ಲದ ದಿನ ಇನ್ನೂರ ಹನ್ನೆರಡು ಅಂತ ಹೊರಗಿನ ಗೇಟಲ್ಲಿ ಬೋರ್ಡು ಹಾಕಿದೀರಲ್ಲ, ಅದು ತನ್ನಿಂದ ಸೊನ್ನೆ ಆದ್ರೆ ನೀವು ಸುಮ್ನೆ ಬಿಡಲ್ಲ ಅಂತ ಹೆದರಿ, ಯಾರಿಗೂ ಹೇಳ್ದೆ ನನ್ನ ಹತ್ರ ಬಂದ. ನಾನೇ ಬಟ್ಟೆ ಕಟ್ಟಿದೆ. ಯಾರಿಗೂ ಹೇಳಲ್ಲ ಅಂತ ಮಾತೂ ಕೊಟ್ಟೆ. ಒಂದು ಗಂಟೆಗೆ ನೀವು ಬಾಗಿಲಲ್ಲಿ ನಿಂತು ಎಣಿಸ್ತಿದ್ದಾಗ ಅವನು ಟೂಲ್ಸ್ ಕೋಣೇಲಿ ನನ್ನ ಎದುರಿಗೆ ಕೂತು ಟೀ ಕುಡೀತಿದ್ದ."

"ಇಲ್ಲ," ಎಂದ ಇಂಜಿನಿಯರ್. "ಆರು. ನಾನೇ ಎಣಿಸಿದ್ದು."

ಅವನು ಎಣಿಸಿದ್ದು ನಿಜವೇ ಆಗಿತ್ತು. ಕಿವಿಯಲ್ಲಿ ದೊಡ್ಡ ಕಚೇರಿಯ ಫೋನು ಇಟ್ಟುಕೊಂಡು, ಒಬ್ಬೊಬ್ಬರ ಹೆಲ್ಮೆಟ್ಟಿನ ಮೇಲೂ ಪೆನ್ನಿನಿಂದ ಗಾಳಿಯಲ್ಲಿ ಗೀಟು ಎಳೆದಿದ್ದ. ಎಲ್ಲರಿಗಿಂತ ಕೊನೆಗೆ ಬಂದವನು ಏನೋ ಕೇಳಬೇಕೆನ್ನುವವನಂತೆ ಅವನ ಮುಂದೆ ನಿಂತಿದ್ದ. ಫೋನಿನಲ್ಲಿ ಮೇಲಿನವರು ಕೂಗಾಡುತ್ತಿದ್ದರು. ಆಮೇಲೆ, ಆಮೇಲೆ ಎಂದು ಕೈಸನ್ನೆಯಲ್ಲೇ ಅವನನ್ನು ಅತ್ತ ಕಳಿಸಿದ್ದ. ಮುಖ ನೆನಪಿಗೆ ಬರಲಿಲ್ಲ. ಎಷ್ಟು ತಡಕಿದರೂ ಬರಲಿಲ್ಲ.

ಪ್ರಶ್ನೆ ಚೀಲದಿಂದ ತನ್ನ ಬೀಗ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳ ಪಕ್ಕದವನೂ ತೆಗೆದ. ಒಬ್ಬೊಬ್ಬರಾಗಿ ಹನ್ನೊಂದೂ ಜನ ಬೀಗ ಹಿಡಿದು ಇಂಜಿನಿಯರನ್ನೇ ನೋಡುತ್ತ ಕೂತರು. ಅವನು ಹಲಗೆಯ ಮೇಲಿನ ಆದೇಶವನ್ನು ನೋಡಿದ, ಮೇಜಿನ ಮೇಲಿದ್ದ ಫೋನನ್ನು ನೋಡಿದ. ಮೂರು ದಿನ.

"ನಾಳೆ..." ಎಂದ. "ನಾಳೆ ನಾನೇ ಎರಡೆರಡು ಸಲ ಎಣಿಸ್ತೀನಿ. ಹನ್ನೊಂದೂ ಜನ ಹೊರಗೆ ಬರೋ ತನಕ ಬಾಗಿಲು ಬಿಟ್ಟು ಕದಲಲ್ಲ."

"ಬರ್ತಾರೆ ಸಾರ್," ಎಂದ ಗೇಟಜ್ಜ. "ಹತ್ತು ಸಲ ಎಣಿಸಿ, ಹನ್ನೊಂದು ಜನ ಹೊರಗೆ ಬಂದೇ ಬರ್ತಾರೆ. ಒಳಗೆ ಉಳಿಯೋದು ಇವರಲ್ಲಿ ಯಾರು ಅಂತ ಮಾತ್ರ ನಂಗೆ ಗೊತ್ತಿಲ್ಲ."